ಕಂಪೈಲ್‌ದೋಷ ಚಿಕಿತ್ಸಾ ಮೀಮಾಂಸೆ

ಯಾವ ಶಾಸ್ತ್ರವನ್ನು ಆರಂಭಿಸುವಾಗಲೂ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ಮೊದಲೇ ಹೇಳಿಬಿಡಬೇಕೆಂಬುದು ಪೂರ್ವಾಚಾರ್ಯರ ಕಟ್ಟಳೆ. ನಾವೂ ಹೇಳುತ್ತೇವೆ. ವಿಷಯ: ವೈಜ್ಞಾನಿಕ ತಂತ್ರಾಂಶವನ್ನು ಸೋರ್ಸ್‌ನಿಂದ ಕಟ್ಟುವಾಗ ಪರದೆಯ ಮೇಲೆ ಉದ್ಭವಿಸುವ ಎರರ್‌ಗಳು. ಪ್ರಯೋಜನ: ಪಿಎಚ್‌.ಡಿ. ಸಂಬಂಧ: ಗೈಡ್‌ಗೂ ವಿದ್ಯಾರ್ಥಿಗೂ ಇರುವಂಥದ್ದು, ಬಿಲ್ಡ್ ಮುಗಿಯುವತನಕ ದಿನೇದಿನೇ ಹಳಸುವಂಥದ್ದು. ಅಧಿಕಾರಿ: ‘ಅದೇನ್ ಮಹಾ, ಕಾನ್ಫಿಗರ್ ಮಾಡಿ ಮೇಕ್ ಕೊಡಿ, ಸಂಜೆಯೊಳಗೆ ಆಗುತ್ತೆ’ ಎಂದು ಗೈಡ್ ಯಾರಿಗೆ ಹೇಳಿದ್ದಾರೋ ಅವರು. ಹಾಗೆ ಹೇಳಿದ ಗೈಡ್ ಮಾತ್ರ ಈ ಶಾಸ್ತ್ರಕ್ಕೆ ಅನಧಿಕಾರಿ.

ಮೊದಲ ಸೂತ್ರ: ‘ಕಂಡಲ್ಲಿ ಇಲ್ಲ, ಇದ್ದಲ್ಲಿ ಕಾಣದು.’ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದವನನ್ನು ಕಂಡು ಲೋಕ ನಗುತ್ತದೆ. ಕಂಪೈಲರ್‌ಗಳ ರಾಜ್ಯದಲ್ಲಿ ಬರೆ ಬೀಳಬೇಕಾದದ್ದು ಎಮ್ಮೆಗೇ. ಪೂರ್ವಪಕ್ಷಿ ಇದನ್ನು ಒಪ್ಪುವುದಿಲ್ಲ. ಬಿಲ್ಡ್ ನಿಂತಾಗ ಪರದೆಯ ಕಟ್ಟಕಡೆಯ ಸಾಲೇ ಪ್ರಮಾಣ, ಅಲ್ಲಿ ‘ಎರರ್ 2’ ಎಂದಿದೆ, ಆದ್ದರಿಂದ ದೋಷಗಳು ಎರಡು ಎಂಬುದು ಅವನ ವಾದ. ಅಯ್ಯಾ, ಆ 2 ದೋಷಗಳ ಎಣಿಕೆಯಲ್ಲ. ಒಳಗಿನ ಡೈರೆಕ್ಟರಿಯಲ್ಲಿ ಓಡುತ್ತಿದ್ದ ಮೇಕ್ ಕೈಚೆಲ್ಲಿತು ಎಂದು ಹೊರಗಿನ ಮೇಕ್ ಒಪ್ಪಿಸುವ ವರದಿ ಅಷ್ಟೆ. ಅದನ್ನು ಗೂಗಲ್‌ಗೆ ಅಂಟಿಸಿದರೆ ಜಗತ್ತಿನ ಸಕಲ ರೋಗಿಗಳೂ ಸಿಗುತ್ತಾರೆ, ನಿಮ್ಮ ರೋಗ ಸಿಗುವುದಿಲ್ಲ. ಅವಸರಕ್ಕೆ ‘ಜೆ8’ ಎಂದು ಕೊಟ್ಟಿದ್ದರಂತೂ ಕಥೆ ಮುಗಿಯಿತು: ಎಂಟು ಕೆಲಸಗಳಲ್ಲಿ ಒಂದು ಸತ್ತರೂ ಉಳಿದ ಏಳು ತಮ್ಮ ಪಾಡಿಗೆ ಸಾಲು ಉಗುಳಿ, ಸತ್ತದ್ದರ ಕೊನೆಮಾತನ್ನು ಮುಚ್ಚಿಹಾಕುತ್ತವೆ. ಔಟ್‌ಪುಟ್ಟನ್ನೆಲ್ಲ ಲಾಗ್ ಫೈಲಿಗೆ ಹಾಕಿ ‘ಜೆ1’ ಕೊಟ್ಟು ಮತ್ತೆ ಓಡಿಸಿ, ಮೊದಲನೆಯ ಎರರ್ ಹುಡುಕುವುದೇ ಶಾಸ್ತ್ರಸಮ್ಮತ. ಹುಡುಕುವಾಗ ಒಂದು ಸೂಕ್ಷ್ಮ: ಜಿಸಿಸಿ ಆ ಪದವನ್ನು ಸಣ್ಣಕ್ಷರದಲ್ಲಿ ಬರೆದರೆ, ಅದೇ ಮನೆಯ ಜಿಫೋರ್ಟ್ರಾನ್ ದೊಡ್ಡಕ್ಷರದಿಂದ ಶುರುಮಾಡುತ್ತದೆ.

ಇನ್ನು ಲಿಂಕರ್ ಪ್ರಕರಣ. ‘ಡಿಜೆಮ್_’ ಎಂಬುದರ ವಿಳಾಸ ಸಿಗಲಿಲ್ಲ ಎಂದು ಅದು ಬೊಬ್ಬೆ ಹೊಡೆಯುತ್ತದೆ. ಕೊನೆಯ ಆ ಅಡಿಗೆರೆ ಕಂಡು ವಿದ್ಯಾರ್ಥಿ ಸೋರ್ಸ್ ತುಂಬ ಜಾಲಾಡುತ್ತಾನೆ, ಅಲ್ಲೆಲ್ಲೂ ಇಲ್ಲ. ಹೆಸರಿಗೆ ಬಾಲ ಅಂಟಿಸುವುದು ಫೋರ್ಟ್ರಾನ್ ಕಂಪೈಲರ್‌ನ ಕುಲಾಚಾರ. ಮ್ಯಾಟ್ರಿಕ್ಸ್‌ಗಳನ್ನು ಗುಣಿಸುವ ಈ ರೂಟೀನು ಇರುವುದು ಬ್ಲಾಸ್ ಲೈಬ್ರರಿಯಲ್ಲಿ. ಬ್ಲಾಸ್ ಇರುವುದು ಡಿಸ್ಕಿನಲ್ಲಿ. ಕಮ್ಯಾಂಡ್ ಸಾಲಿನಲ್ಲೂ ಅದರ ಹೆಸರಿದೆ. ಮತ್ತೇನು ಕೊರತೆ? ಸ್ಟ್ಯಾಟಿಕ್ ಲೈಬ್ರರಿಗಳನ್ನು ಲಿಂಕರ್ ಎಡದಿಂದ ಬಲಕ್ಕೆ ಓದುತ್ತದೆ. ಆ ಗಳಿಗೆಯಲ್ಲಿ ಯಾರೂ ಕೇಳದಿದ್ದುದನ್ನು ಬಿಟ್ಟು ಮುಂದೆ ಹೋಗುತ್ತದೆ, ಹಿಂತಿರುಗಿ ನೋಡುವುದಿಲ್ಲ. ಆದ್ದರಿಂದ ಕೇಳುವ ಲ್ಯಾಪ್ಯಾಕ್ ಲೈಬ್ರರಿ ಮೊದಲು, ಕೊಡುವ ಬ್ಲಾಸ್ ಆಮೇಲೆ. ಈ ಕ್ರಮ ನೆನಪಿಡಲಾರದ ಪುನರುಕ್ತಿವಾದಿಗಳು ಎರಡರ ಹೆಸರನ್ನೂ ಎರಡೆರಡು ಸಲ ಬರೆಯುತ್ತಾರೆ. ಪಂಡಿತರು ಅವರನ್ನು ಹೀಗಳೆಯುತ್ತಾರೆ, ಆದರೆ ಅವರ ಬಿಲ್ಡ್ ಮುಗಿದಿರುತ್ತದೆ.

ದೋಷಗಳ ಪೂರ್ವಜನ್ಮವನ್ನು ವಿಚಾರಿಸದೆ ಚಿಕಿತ್ಸೆಯಿಲ್ಲ. ಐಬಿಎಂನಲ್ಲಿ ಜಾನ್ ಬ್ಯಾಕಸ್ ತಂಡದ ಫೋರ್ಟ್ರಾನ್ ಹೊರಬಂದದ್ದು 1957ರಲ್ಲಿ, 80 ಕಾಲಂಗಳ ಪಂಚ್ ಕಾರ್ಡಿನ ಕಾಲದಲ್ಲಿ. 7ರಿಂದ 72ರವರೆಗಿನ ಕಾಲಂಗಳಲ್ಲಿ ಹೇಳಿಕೆ. 73ರಿಂದಾಚೆ ಕಾರ್ಡಿನ ಕ್ರಮಸಂಖ್ಯೆಗೆಂದು ಮೀಸಲು, ಕಂಪೈಲರ್ ಅತ್ತ ನೋಡುವುದಿಲ್ಲ. ಕಾರ್ಡು ಹೋಯಿತು, ಮೀಸಲಾತಿ ಉಳಿಯಿತು. ಹಳೆಯ ಶೈಲಿಯ ಫೈಲಿನಲ್ಲಿ ನೀವು ಎಡಕ್ಕೊಂದು ಸ್ಪೇಸ್ ಸೇರಿಸಿದಿರಿ ಎನ್ನೋಣ. ಸಾಲಿನ ತುದಿಯಲ್ಲಿದ್ದ ‘ಟೆಂಪ್2’ನ 2 ಜಾರಿ 73ನೇ ಕಾಲಂಗೆ ಬಿತ್ತು, ಉಳಿದದ್ದು ‘ಟೆಂಪ್’. ಆ ಹೆಸರಿನ ಇನ್ನೊಂದು ವೇರಿಯಬಲ್ ಇದ್ದರೆ ಎರರ್ ಇಲ್ಲ, ಹೆಚ್ಚಿನ ಎಚ್ಚರಿಕೆ ಕೇಳದವರಿಗೆ ವಾರ್ನಿಂಗೂ ಇಲ್ಲ. ಬಿಲ್ಡ್ ಸಲೀಸಾಗಿ ಮುಗಿದು ಉತ್ತರ ಮಾತ್ರ ತಪ್ಪಾಗುತ್ತದೆ. ಎರರ್ ಬಂದವರನ್ನು ಭಾಗ್ಯವಂತರೆಂದು ಈ ಶಾಸ್ತ್ರ ಕರೆಯುವುದು ಇದಕ್ಕೇ.

ಇಂಥ ಸಡಿಲ ಸಂಸಾರದ ಮೇಲೆ 2020ರಲ್ಲಿ ಜಿಸಿಸಿ 10 ಬಂತು. ಸಮಾಂತರ ಗಣನೆಯ ಎಂಪಿಐ ಲೈಬ್ರರಿ ಬಳಸುವ ಹಳೆಯ ಪ್ರೋಗ್ರಾಮ್‌ಗಳಲ್ಲಿ ‘ಎಂಪಿಐ_ಬಿಕಾಸ್ಟ್’ ಎಂಬ ರೂಟೀನಿಗೆ ಒಂದು ಸಾಲಿನಲ್ಲಿ ಇಂಟಿಜರ್ ಕೊಟ್ಟು ಹತ್ತು ಸಾಲು ಬಿಟ್ಟು ರಿಯಲ್ ಕೊಡುವುದು ರೂಢಿ. ಶುದ್ಧ ಫೋರ್ಟ್ರಾನ್ ಧರ್ಮದಲ್ಲಿ ಇದು ನಿಷಿದ್ಧ, ಆದರೂ ದಶಕಗಳ ಕಾಲ ಕಂಪೈಲರ್ ಕಂಡೂ ಕಾಣದಂತಿತ್ತು. ಹೊಸ ಆವೃತ್ತಿ ‘ಟೈಪ್ ಮಿಸ್‌ಮ್ಯಾಚ್’ ಎಂದು ಅಡ್ಡಗಟ್ಟಿತು. ಅಜ್ಜ ಬರೆದ ಕೋಡು ಅಜ್ಜನ ಕಾಲದಿಂದಲೂ ತಪ್ಪೇ ಇತ್ತು. ಮೊಮ್ಮಗಳ ತಲೆಯ ಮೇಲೆ ಬಂದು ಬಿತ್ತು. ಪರಿಹಾರವಾಗಿ ‘ಎಫ್‌ಅಲೌ ಆರ್ಗ್ಯುಮೆಂಟ್ ಮಿಸ್‌ಮ್ಯಾಚ್’ ಎಂಬ ಫ್ಲ್ಯಾಗನ್ನೂ ಕಂಪೈಲರ್ ಕೊಟ್ಟವರೇ ದಯಪಾಲಿಸಿದರು. ಅದನ್ನು ಹಾಕಿದೊಡನೆ ಎರರ್ ವಾರ್ನಿಂಗ್ ಆಗುತ್ತದೆ. ಎರರ್ ಪಾರಮಾರ್ಥಿಕ, ವಾರ್ನಿಂಗ್ ಕೇವಲ ವ್ಯಾವಹಾರಿಕ ಎಂದು ತಿಳಿದ ಜ್ಞಾನಿಗಳು ಎರಡನೆಯದನ್ನು ಓದುವುದೇ ಇಲ್ಲ. 2024ರ ಜಿಸಿಸಿ 14 ಇದೇ ಕಟ್ಟುನಿಟ್ಟನ್ನು ಸಿ ಭಾಷೆಗೂ ತಂದಿತು: ಘೋಷಿಸದ ಫಂಕ್ಷನ್ನನ್ನು ಕರೆದರೆ ಈಗ ಎರರ್. ಇದರ ಸೊಗಸು ಹಳೆಯ ಕಾನ್ಫಿಗರ್ ಸ್ಕ್ರಿಪ್ಟ್‌ಗಳಲ್ಲಿ ನೋಡಬೇಕು. ಅವು ಪರೀಕ್ಷೆಗೆಂದು ಇಟ್ಟುಕೊಂಡ ಪುಟ್ಟ ಪ್ರೋಗ್ರಾಮೇ ಕಂಪೈಲ್ ಆಗದೆ, ‘ಈ ಯಂತ್ರದಲ್ಲಿ ಆ ಸೌಲಭ್ಯವೇ ಇಲ್ಲ’ ಎಂದು ತೀರ್ಪು ಕೊಡುತ್ತವೆ. ನಿಜ ಸಂಗತಿ ಕಾನ್ಫಿಗ್ ಲಾಗಿನಲ್ಲಿರುತ್ತದೆ, ಅದನ್ನು ತೆರೆದವರು ವಿರಳ.

ಉಪರೋಗಗಳು ಹಲವು, ಬೇಗ ಮುಗಿಸೋಣ. ‘ಮಿಸ್ಸಿಂಗ್ ಸೆಪರೇಟರ್’ ಎಂದರೆ ಮೇಕ್‌ಫೈಲಿನಲ್ಲಿ ಟ್ಯಾಬ್ ಇರಬೇಕಾದ ಕಡೆ ಸ್ಪೇಸ್ ಕೂತಿದೆ. ಲೈಬ್ರರಿ ಇದ್ದೂ ಹೆಡರ್ ಸಿಗದಿದ್ದರೆ ಅದರ ‘ಡೆವ್’ ಪ್ಯಾಕೇಜ್ ಹಾಕಿಲ್ಲ. ಕಂಪೈಲರ್ ‘ಕಿಲ್ಡ್’ ಎಂದು ಬಂದರೆ ಸಾಮಾನ್ಯವಾಗಿ ಕೊಲೆಗಾರ ಮೆಮೊರಿ ಅಭಾವ. ಜೆ ಸಂಖ್ಯೆ ಇಳಿಸಿ. ಕಂಪೈಲರ್ ಬದಲಿಸಿಯೂ ಸಿಮೇಕ್ ಹಳೆಯದನ್ನೇ ಹಿಡಿದುಕೊಂಡಿದ್ದರೆ ಬಿಲ್ಡ್ ಡೈರೆಕ್ಟರಿಯನ್ನೇ ಅಳಿಸಿ ಹೊಸದಾಗಿ ಶುರುಮಾಡುವುದು ಪ್ರಾಯಶ್ಚಿತ್ತ. ಇಂಟೆಲ್ ಕಂಪೈಲರ್‌ನಲ್ಲಿ ಕಟ್ಟಿದ ನೆಟ್‌ಸಿಡಿಎಫ್ ಲೈಬ್ರರಿಯ ಮಾಡ್ಯೂಲ್ ಫೈಲನ್ನು ಜಿಫೋರ್ಟ್ರಾನ್‌ಗೆ ಬಡಿಸಿದರೆ ಅದು ಮುಟ್ಟುವುದಿಲ್ಲ. ಇಲ್ಲಿ ಪ್ರಾಯಶ್ಚಿತ್ತವೂ ನಡೆಯದು, ನೆಟ್‌ಸಿಡಿಎಫ್ಫನ್ನೇ ಜಿಫೋರ್ಟ್ರಾನ್‌ನಲ್ಲಿ ಮತ್ತೆ ಕಟ್ಟಬೇಕು.

ಇಷ್ಟಾಗಿಯೂ ಗುಣವಾಗದೆ ಲ್ಯಾಬಿನ ಹಿರಿಯರ ಬಳಿ ಹೋಗುವವರಲ್ಲಿ ಒಂದು ಕೋರಿಕೆ. ಕಂಪೈಲರ್ ಆವೃತ್ತಿ, ಕೊಟ್ಟ ಕಮ್ಯಾಂಡು, ಪೂರ್ತಿ ಲಾಗ್ ಫೈಲು, ಈ ಮೂರನ್ನೂ ಜೊತೆಗೆ ಒಯ್ಯಿರಿ. ‘ಸರ್, ಎರರ್ 2 ಬಂತು’ ಎಂಬ ಒಕ್ಕಣೆಯೊಡನೆ ಪರದೆಯ ಕೊನೆಯ ಸಾಲಿನ ಫೋಟೋವನ್ನು ರಾತ್ರಿ ಹನ್ನೊಂದಕ್ಕೆ ವಾಟ್ಸಾಪ್ ಮಾಡಬೇಡಿ.