ಕಾರಿನ ಏಸಿ ಪೈಪು ಬಿಚ್ಚುವ ಕ್ರಮ

ಬೇಕಾಗುವ ಸಾಮಾನು: 10, 12, 14ರ ಸ್ಪ್ಯಾನರುಗಳು, ಒಂದು ಹಳೆಯ ಬನಿಯನ್ನು, ಒಂದು ಭಾನುವಾರ, ಮತ್ತು ಕಾರಿನ ವಿಷಯ ಎಲ್ಲ ಬಲ್ಲ ಒಬ್ಬ ಭಾವಮೈದುನ. ಭಾವಮೈದುನ ಊರಲ್ಲಿಲ್ಲದಿದ್ದರೆ ಎದುರುಮನೆಯವರಾದರೂ ನಡೆಯುತ್ತದೆ. ಟಾರ್ಚು ಹಿಡಿದು ‘ಅದಲ್ಲ, ಅದರ ಪಕ್ಕದ್ದು’ ಎನ್ನುವುದಷ್ಟೇ ಕೆಲಸ.

ಮೊದಲನೆಯ ಹೆಜ್ಜೆ. ಬಾನೆಟ್ ಎತ್ತಿ. ಕೆಟ್ಟಿರುವುದು ಆಲ್ಟರ್ನೇಟರ್, ಅಡ್ಡ ಬಂದಿರುವುದು ಏಸಿಯ ಕಂಪ್ರೆಸರ್. ಅದಕ್ಕೆ ಎರಡು ಪೈಪುಗಳಿವೆ. ದಪ್ಪನೆಯದರಲ್ಲಿ ಡ್ಯಾಶ್‌ಬೋರ್ಡಿನ ಹಿಂದಿನಿಂದ ಗ್ಯಾಸು ವಾಪಸು ಬರುತ್ತದೆ. ಏಸಿ ಓಡುವಾಗ ಅದು ತಣ್ಣಗೆ ಬೆವರುತ್ತದೆ. ಸಣ್ಣದು ಮುಂದಿನ ಕಂಡೆನ್ಸರ್‌ಗೆ ಹೋಗುವುದು, ಮುಟ್ಟಿದರೆ ಚುರುಕ್ ಎನ್ನುತ್ತದೆ. ಎಂಜಿನ್ ನಿಲ್ಲಿಸಿದ ಸ್ವಲ್ಪ ಹೊತ್ತಿಗೆ ಎರಡೂ ಒಂದೇ ಸಮ ಆಗಿ, ಏನೂ ಅರಿಯದವರಂತೆ ಕೂತಿರುತ್ತವೆ. ನಂಬಬಾರದು. 30 ಡಿಗ್ರಿ ಸೆಕೆಯಲ್ಲಿ ಸುಮ್ಮನೆ ನಿಂತ ಕಾರಿನಲ್ಲೂ ಆರ್-134ಎ ಗ್ಯಾಸಿನ ಒತ್ತಡ 95 ಪಿಎಸ್‌ಐ ದಾಟಿರುತ್ತದೆ. ನಾವು ಟೈರಿಗೆ ಹೊಡೆಸುವುದು 30 ಚಿಲ್ಲರೆ.

ಎರಡನೆಯ ಹೆಜ್ಜೆ. ಬೋಲ್ಟನ್ನು ಒಂದು ಸುತ್ತು ತಿರುಗಿಸಿ. ಕುಕ್ಕರ್ ಕೂಗುವ ಮುಂಚಿನ ಸುಯ್‌ಗುಟ್ಟುವಿಕೆ ಕೇಳಿಸುತ್ತದೆ. ಭಾವಮೈದುನ ಇಲ್ಲಿ ಮೂರು ಹೆಜ್ಜೆ ಹಿಂದೆ ಸರಿಯತಕ್ಕದ್ದು. ‘ಅದರ ಪಕ್ಕದ್ದು ಅಂದೆನಲ್ಲ ಭಾವ’ ಎನ್ನತಕ್ಕದ್ದು.

ಮೂರನೆಯ ಹೆಜ್ಜೆ. ಕಣ್ಣಿಗೆ ಗಾಗಲ್ಸು, ಕೈಗೆ ಗ್ಲೌಸು ಹಾಕಿಕೊಳ್ಳಿ. ಪೈಪಿನೊಳಗಿನ ದ್ರವ ಹೊರಗೆ ಬಂದರೆ ಮೈನಸ್ 26 ಡಿಗ್ರಿಯಲ್ಲೇ ಕುದಿಯುವಂಥದು. ಚರ್ಮದ ಮೇಲೆ ಬಿದ್ದರೆ ಅಲ್ಲೇ ಹೆಪ್ಪುಗಟ್ಟಿಸುತ್ತದೆ, ಕಣ್ಣಿಗೆ ಬಿದ್ದರೆ ಕಣ್ಣೇ ಹೋದೀತು. ಇದು ಎರಡನೆಯದಕ್ಕಿಂತ ಮೊದಲು ಬರಬೇಕಿತ್ತಲ್ಲವೇ ಎಂದು ಕೇಳುವಿರಿ. ಬರಬೇಕಿತ್ತು. ನಾನು ಮಾಡಿದ ಕ್ರಮದಲ್ಲೇ ಬರೆಯುತ್ತಿದ್ದೇನೆ.

ನಾಲ್ಕನೆಯ ಹೆಜ್ಜೆ, ಅಂದರೆ ಎಲ್ಲಕ್ಕಿಂತ ಮೊದಲಿನದು: ಗ್ಯಾಸನ್ನು ಮೆಶಿನ್ನಿನಿಂದ ಎಳೆಸಿ ಸಿಲಿಂಡರಿಗೆ ತುಂಬಿಸಿಕೊಳ್ಳುವುದು. ಗಾಳಿಗೆ ಬಿಡುವಂತಿಲ್ಲ. ಹಳೆಯ ಆರ್-12 ಗ್ಯಾಸು ಓಝೋನ್ ಪದರ ತಿನ್ನುತ್ತಿತ್ತೆಂದು, 1987ರ ಮಾಂಟ್ರಿಯಲ್ ಒಪ್ಪಂದದ ನಂತರ ಅದರ ಜಾಗಕ್ಕೆ ಬಂದ ಸಾಧು ಈ 134ಎ. ಓಝೋನಿನ ತಂಟೆಗೆ ಇದು ಹೋಗುವುದಿಲ್ಲ, ನಿಜ. ಆದರೆ ಭೂಮಿಯನ್ನು ಬಿಸಿ ಮಾಡುವುದರಲ್ಲಿ ಇದರ ಒಂದು ಕಿಲೋ ಇಂಗಾಲದ ಡೈಆಕ್ಸೈಡಿನ ಸಾವಿರದ ಮುನ್ನೂರು ಕಿಲೋಗೂ ಹೆಚ್ಚಿನದಕ್ಕೆ ಸಮ. 2016ರಲ್ಲಿ ಕಿಗಾಲಿಯಲ್ಲಿ ಇದರ ಕುಲದವರನ್ನೂ ಕಡಿಮೆ ಮಾಡುವ ತೀರ್ಮಾನವಾಯಿತು. ಸಣ್ಣ ಕಾರಿನಲ್ಲಿರುವುದು ಹೆಚ್ಚುಕಡಿಮೆ ಅರ್ಧ ಕಿಲೋ. ನನ್ನದು ಹತ್ತು ನಿಮಿಷದಲ್ಲಿ ಬೀದಿಯ ಪಾಲಾಯಿತು. ಏಸಿ ಬೇಡವೆಂದು ಕಿಟಕಿ ಇಳಿಸಿಕೊಂಡು ಓಡಾಡಿ ಗಳಿಸಿದ ಪುಣ್ಯವೆಲ್ಲ ಅದರ ಜೊತೆಗೇ ಹೋಯಿತು.

ಐದನೆಯದು. ತೆರೆದ ಬಾಯಿಗಳನ್ನು ತಕ್ಷಣ ಮುಚ್ಚಿ. ಪ್ಲಾಸ್ಟಿಕ್ ಕವರು, ರಬ್ಬರ್ ಬ್ಯಾಂಡು ಸಾಕು. ಒಳಗಿರುವ ಪಿಎಜಿ ಆಯಿಲ್ಲು ಮಳೆಗಾಲದ ಉಪ್ಪಿನ ಹಾಗೆ. ಗಾಳಿಯ ತೇವ ಕುಡಿಯುತ್ತಲೇ ಇರುತ್ತದೆ. ನಾವು ಕಾಫಿಗೆಂದು ಒಳಗೆ ಹೋದೆವು. ಕಾಫಿ ಉಪ್ಪಿಟ್ಟಾಯಿತು, ಉಪ್ಪಿಟ್ಟು ಊಟವಾಯಿತು. ಹಾಗೆ ತೆರೆದಿಟ್ಟವರು ಡ್ರೈಯರ್ ಬದಲಿಸಬೇಕು, ಓ-ರಿಂಗ್ ಹೊಸದು ಹಾಕಬೇಕು, ಅದಕ್ಕೆ ಅದೇ ಆಯಿಲ್ಲು ಸವರಬೇಕು. ಆಮೇಲೆ ವ್ಯಾಕ್ಯೂಮ್ ಪಂಪು ಅರ್ಧ ಗಂಟೆಯಾದರೂ ಓಡಬೇಕು. ಆ ನಿರ್ವಾತದಲ್ಲಿ ನೀರು ಬಿಸಿಯಿಲ್ಲದೆಯೇ ಕುದಿದು ಹೊರಬರುತ್ತದೆ. ಇದ್ಯಾವುದೂ ಮನೆಯಲ್ಲಿರುವ ಸಾಮಾನಲ್ಲ.

ಆದ್ದರಿಂದ ಆರನೆಯದು: ಸೋಮವಾರ ಕಾರನ್ನು ಟೋ ಮಾಡಿಸಿ ಏಸಿ ಮೆಕ್ಯಾನಿಕ್ಕಿನ ಮುಂದೆ ನಿಲ್ಲಿಸಿ. ಆತ ಇಣುಕಿ ನೋಡಿ, ‘ಪೈಪ್ ಯಾಕ್ ಸಾರ್ ಬಿಚ್ಚಿದ್ರಿ?’ ಎನ್ನುತ್ತಾನೆ. ಆಲ್ಟರ್ನೇಟರ್ ತೆಗೆಯೋಕೆ ಎನ್ನಿ.

‘ಅದಕ್ಕೆ ಪೈಪ್ ಮುಟ್ಟೋದೇ ಬೇಡ. ಕಂಪ್ರೆಸರ್ ಬೋಲ್ಟ್ ತೆಗೆದು, ಪೈಪ್ ಸಮೇತ ಪಕ್ಕಕ್ಕೆ ಸರಿಸಿ ಹಗ್ಗದಲ್ಲಿ ಕಟ್ಟಿಬಿಟ್ರೆ ಆಯ್ತಲ್ಲ ಸಾರ್.’

ಭಾವಮೈದುನ ಈ ಹೊತ್ತಿಗೆ ಫೋನು ನೋಡುತ್ತಿರತಕ್ಕದ್ದು.

ಒಪ್ಪೋಲೆ: ಸಾಮಾನಿನ ಪಟ್ಟಿಯಲ್ಲಿ ‘ಭಾವಮೈದುನ’ ಎಂದಿರುವ ಕಡೆ ‘ಹಗ್ಗ, ಒಂದು ಮಾರು’ ಎಂದು ಓದಿಕೊಳ್ಳುವುದು.