ನಾಲ್ಕು ಕ್ಯಾಮೆರಾಗಳ ಪಂಚಾಂಗ

ಕಾಲವು ಸರ್ವರಿಗೂ ಸಮಾನವೆಂದು ಅಪ್ಪಣೆ ಕೊಡಿಸಿದ ಹಿರಿಯರು ಒಂದಕ್ಕಿಂತ ಹೆಚ್ಚು ವಿಡಿಯೋ ಕ್ಯಾಮೆರಾಗಳನ್ನು ಏಕಕಾಲದಲ್ಲಿ ಓಡಿಸಿದವರಲ್ಲವೆಂಬುದರಲ್ಲಿ ನನಗೆ ಸಂದೇಹವಿಲ್ಲ. ಬಯಲಾಟಗಳ ಚಿತ್ರೀಕರಣವನ್ನೇ ಜೀವನೋಪಾಯವನ್ನಾಗಿ ಮಾಡಿಕೊಂಡಿರುವ ನನ್ನ ಸೋದರಳಿಯನ ಬಳಿ ಅಂತಹ ಯಂತ್ರಗಳು ನಾಲ್ಕಿವೆ: ರಂಗಸ್ಥಳದ ಎದುರಿಗೆ ಒಂದು, ಎಡಬಲಗಳಿಗೆ ಒಂದೊಂದು, ವೇಷಧಾರಿಗಳು ಬಣ್ಣ ಹಚ್ಚಿಕೊಳ್ಳುವ ಚೌಕಿಯಲ್ಲಿ ಇನ್ನೊಂದು. ಪ್ರತಿಯೊಂದರ ಉದರದಲ್ಲಿಯೂ ಒಂದು ಗಡಿಯಾರವಿದ್ದು, ತಾನು ಹಿಡಿದ ಒಂದೊಂದು ಚಿತ್ರಕ್ಕೂ ಗಂಟೆ, ನಿಮಿಷ, ಸೆಕೆಂಡು, ಫ್ರೇಮು ಎಂಬ ನಾಲ್ಕು ಜೋಡಿ ಅಂಕೆಗಳ ಮುದ್ರೆಯನ್ನೊತ್ತುತ್ತದೆ. ಇದೇ ಟೈಮ್‌ಕೋಡು. ನಮ್ಮ ದೇಶದ ಪದ್ಧತಿಯಂತೆ ಸೆಕೆಂಡಿಗೆ 25 ಫ್ರೇಮುಗಳಾದುದರಿಂದ ಕಡೆಯ ಜೋಡಿಯು 24ರವರೆಗೆ ಏರಿ ಮತ್ತೆ ಸೊನ್ನೆಗಿಳಿಯುತ್ತದೆ. ಒಂದೇ ಕ್ಷಣಕ್ಕೆ ನಾಲ್ಕೂ ಒಂದೇ ಅಂಕೆಯನ್ನು ಹೇಳಿದರೆ, ಎಡಿಟಿಂಗ್ ಕೋಣೆಯಲ್ಲಿ ದೃಶ್ಯಗಳು ತಾವಾಗಿಯೇ ಒಂದರ ಕೆಳಗೊಂದು ಬಂದು ಕೂರುತ್ತವೆ. ಹೇಳಿದರೆ!

ಮೊದಲನೆಯ ತೊಡಕು ಸ್ವಭಾವದ್ದು. ರೆಕ್ ರನ್ ಎಂಬ ಕ್ರಮದಲ್ಲಿಟ್ಟ ಕ್ಯಾಮೆರಾದ ಗಡಿಯಾರವು ರೆಕಾರ್ಡಿಂಗ್ ಇರುವಷ್ಟು ಹೊತ್ತು ಮಾತ್ರ ನಡೆದು, ಗುಂಡಿ ಒತ್ತಿ ನಿಲ್ಲಿಸಿದೊಡನೆ ತಾನೂ ನಿಂತುಬಿಡುತ್ತದೆ. ಚೌಕಿಯ ಹುಡುಗನು ನಿಲ್ಲಿಸಿ ಎದ್ದುಹೋದನೆಂದರೆ, ಅವನು ಮರಳುವ ತನಕ ಆ ಯಂತ್ರದ ಪಾಲಿಗೆ ಲೋಕದಲ್ಲಿ ಏನೂ ನಡೆದಿಲ್ಲ. ಫ್ರೀ ರನ್ ಕ್ರಮದ್ದಾದರೋ ಯಾರು ನಿಂತರೂ ಓಡುತ್ತಲೇ ಇರುತ್ತದೆ. ಬೇಕಾದುದು ಇದೇ. ಆಟಕ್ಕೆ ಮುಂಚೆ ಒಂದು ಕ್ಯಾಮೆರಾವನ್ನು ಯಜಮಾನನೆಂದು ನೇಮಿಸಿ, ಕೇಬಲ್ಲಿನ ಮೂಲಕ ಅದರ ಕಾಲವನ್ನು ಉಳಿದ ಮೂರಕ್ಕೂ ಉಪದೇಶಿಸಿ (ಇದಕ್ಕೆ ಜಾಮ್ ಮಾಡುವುದು ಎನ್ನುತ್ತಾರೆ) ಅನಂತರ ಕೇಬಲ್ಲನ್ನು ಕಿತ್ತುಬಿಡುತ್ತಾರೆ. ಕಿತ್ತ ಕ್ಷಣದಿಂದಲೇ ಶಿಷ್ಯರು ಸ್ವತಂತ್ರರು. ಒಳಗಿನ ಹರಳು ಹತ್ತು ಲಕ್ಷದಲ್ಲಿ ಹತ್ತು ಭಾಗದಷ್ಟು ತಪ್ಪಿದರೂ ಸಾಕು, ಎಂಟು ಗಂಟೆಯ ಆಟ ಮುಗಿಯುವಷ್ಟರಲ್ಲಿ ಏಳು ಫ್ರೇಮುಗಳ ಅಂತರವುಂಟಾಗಿ, ಎದುರಿನ ಕ್ಯಾಮೆರಾದಲ್ಲಿ ನೆಲಕ್ಕೊರಗಿದ ದೈತ್ಯನು ಬಲಗಡೆಯದರಲ್ಲಿ ಇನ್ನೂ ಬೀಳುತ್ತಲೇ ಇರುತ್ತಾನೆ.

ಇಷ್ಟೆಲ್ಲ ಏಕೆ, ಒಂದು ಚಪ್ಪಾಳೆ ತಟ್ಟಿ ಅದರ ಸದ್ದನ್ನು ಹಿಡಿದು ನಾಲ್ಕನ್ನೂ ಕೂಡಿಸಬಾರದೇ ಎಂದು ವಾದಿಸುತ್ತಿದ್ದ ಸಹಾಯಕನೊಬ್ಬನು, ಭಾಗವತರು ಪದ್ಯವೊಂದನ್ನು ಮುಗಿಸಿದ ಸಂದಿಯಲ್ಲಿ ರಂಗಸ್ಥಳದ ಮುಂದೆ ನಿಂತು ಎರಡು ಕೈಗಳನ್ನೂ ಮೇಲೆತ್ತಿ ಬಲವಾಗಿ ತಟ್ಟಿದನು. ಪದ್ಯಕ್ಕೆ ಸಲ್ಲಬೇಕಾದ ಮರ್ಯಾದೆಯನ್ನು ತಾನು ಮರೆತೆನೆಂದು ಭಾವಿಸಿದ ರಸಿಕಸ್ತೋಮವು ಒಡನೆಯೇ ಚಪ್ಪಾಳೆಯ ಮಳೆಗರೆಯಿತು. ಅದರಲ್ಲಿ ಇವನದು ಯಾವುದೆಂಬುದು ಇಂದಿಗೂ ಪತ್ತೆಯಾಗಿಲ್ಲ. ಚೆಂಡೆಯ ಪೆಟ್ಟನ್ನು ಹಿಡಿಯೋಣವೆಂದರೆ ಅಂತಹ ಪೆಟ್ಟು ರಾತ್ರಿಯಿಡೀ ಬೀಳುತ್ತದೆ. ಮೇಲಾಗಿ, ಒಂದು ಫ್ರೇಮು ಕಳೆಯುವ 40 ಮಿಲಿಸೆಕೆಂಡಿನಲ್ಲಿ ಶಬ್ದವು ಸುಮಾರು 14 ಮೀಟರು ಮಾತ್ರ ಸಾಗುವುದರಿಂದ, ಗದ್ದೆಯ ತುದಿಯಲ್ಲಿ ನಿಂತ ಕ್ಯಾಮೆರಾಕ್ಕೆ ಚೆಂಡೆಯೇ ತಡವಾಗಿ ಕೇಳಿಸುತ್ತದೆ.

ನನ್ನನ್ನು ವಿಶೇಷವಾಗಿ ಆಕರ್ಷಿಸಿದುದು ಅಮೆರಿಕದ ಲೆಕ್ಕ. ಅಲ್ಲಿ 1953ರಲ್ಲಿ ವರ್ಣ ಟೆಲಿವಿಷನ್ನಿನ ಕ್ರಮವನ್ನು ನಿಶ್ಚಯಿಸುವಾಗ, ಬಣ್ಣವು ಧ್ವನಿಯೊಡನೆ ಕಲಹಕ್ಕಿಳಿಯದಿರಲೆಂದು ಸೆಕೆಂಡಿಗೆ 30 ಇದ್ದ ಫ್ರೇಮುಗಳನ್ನು 29.97ಕ್ಕೆ ಇಳಿಸಿದರು. 30ರಂತೆಯೇ ಎಣಿಸುತ್ತ ಹೋದರೆ ಟೈಮ್‌ಕೋಡು ಗಂಟೆಗೆ 3.6 ಸೆಕೆಂಡು ಹಿಂದೆ ಬೀಳುತ್ತದೆ. ಇದಕ್ಕೆ ಪರಿಹಾರವೆಂದು ಪ್ರತಿ ನಿಮಿಷದ ಆರಂಭದಲ್ಲಿ 00, 01 ಎಂಬ ಎರಡು ಅಂಕೆಗಳನ್ನು ಹಾರಿಸುತ್ತ, ಹತ್ತರಿಂದ ಭಾಗವಾಗುವ ನಿಮಿಷಗಳಲ್ಲಿ ಮಾತ್ರ ಹಾರಿಸದೆ ಬಿಡುವ ಡ್ರಾಪ್ ಫ್ರೇಮ್ ಪದ್ಧತಿಯನ್ನು ಆಮೇಲೆ ಕಂಡುಹಿಡಿದರು. “ಹಾಗಾದರೆ ಆ ಚಿತ್ರಗಳ ಗತಿಯೇನೋ?” ಎಂದು ಕೇಳಿದೆ. “ಚಿತ್ರ ಒಂದೂ ಹೋಗುದಿಲ್ಲ ಮಾವ, ನಂಬರು ಮಾತ್ರ ಹೋಗುದು” ಎಂದನು. ಇದು ಶುದ್ಧಾಂಗವಾಗಿ ಕ್ಷಯತಿಥಿ! ತಿಥಿ ಲೋಪವಾದ ಮಾತ್ರಕ್ಕೆ ದಿನವೊಂದು ಲೋಪವಾಗುವುದಿಲ್ಲವೆಂಬುದನ್ನು ನಮ್ಮ ಪುರೋಹಿತರು ಯಾವ ಕೇಬಲ್ಲೂ ಇಲ್ಲದೆ ಬಲ್ಲರು.

ಆದರೆ ಬಯಲಾಟದ ಟೈಮ್‌ಕೋಡಿಗೆ ನಿಜವಾದ ಶತ್ರು ನಡುರಾತ್ರಿ. ದಿನದ ಹೊತ್ತಿಗೆ ಸರಿಯಾಗಿ ಹೊಂದಿಸಿದ ಗಡಿಯಾರವು 23:59:59:24 ತೋರಿಸಿದ ಮರುಫ್ರೇಮಿಗೆ 00:00:00:00ಕ್ಕೆ ಮರಳುತ್ತದೆ. ಆಟವಾದರೋ ಬೆಳಗಿನ ಮಂಗಳದವರೆಗೆ. ಶ್ರೀದೇವೀ ಮಹಾತ್ಮೆಯ ಇಡೀ ರಾತ್ರಿಯ ತುಣುಕುಗಳನ್ನು ಟೈಮ್‌ಕೋಡಿನ ಕ್ರಮದಲ್ಲಿ ಜೋಡಿಸೆಂದು ಆಜ್ಞಾಪಿಸಿದಾಗ, ಕಂಪ್ಯೂಟರು ಪರಮ ವಿಧೇಯತೆಯಿಂದ ಮಹಿಷಾಸುರನನ್ನು ದೊಂದಿಯ ಬೆಳಕಿನಲ್ಲಿ ಮೊದಲು ಕುಣಿಸಿ, ರಕ್ತಬೀಜನನ್ನು ಕೊಲ್ಲಿಸಿ, ಮಂಗಳ ಹಾಡಿಸಿ, ವಿಘ್ನಗಳೆಲ್ಲ ತೀರಿದ ಮೇಲೆ ಚೌಕಿಯಲ್ಲಿ ಗಣಪತಿಗೆ ಪೂಜೆ ಮಾಡಿಸಿ, ಕಟ್ಟಕಡೆಗೆ ಮಧುಕೈಟಭರನ್ನು ಹುಟ್ಟಿಸಿತು.

ಈಗ ಅವನು ರಾತ್ರಿ ಒಂಬತ್ತೂವರೆಗೆ ನಾಲ್ಕೂ ಕ್ಯಾಮೆರಾಗಳಿಗೆ 10:00:00:00 ಎಂದು ಬೋಧಿಸಿಬಿಡುತ್ತಾನೆ. ಬೆಳಗಿನ ಮಂಗಳವು ಅವುಗಳ ಪಾಲಿಗೆ ಸಾಯಂಕಾಲದ ಆರು ಗಂಟೆ. ನಡುರಾತ್ರಿಯ ಗೊಡವೆಯೇ ಇಲ್ಲ. ಮೊನ್ನೆಯ ಆಟದಲ್ಲಿ, ಇರುಳು ಮೂರೂವರೆಯ ಜಾವಕ್ಕೆ, ತೂಕಡಿಸುತ್ತಿದ್ದ ಎಡಗಡೆಯ ಕ್ಯಾಮೆರಾದ ಹುಡುಗನು ಕಣ್ಣುಜ್ಜಿಕೊಂಡು ಪರದೆಯ ಮೇಲಣ 16:00ನ್ನು ನೋಡಿ, “ಗಂಟೆ ನಾಲ್ಕಾಯ್ತಲ್ಲ ಮಾಷ್ಟ್ರೇ, ನಿಮಗೊಂದು ಚಾ ತರ್ಲಾ?” ಎಂದನು. ಗದ್ದೆಯಂಚಿನ ಅಂಗಡಿಯಲ್ಲಿ ಗೋಳಿಬಜೆ ಆಗತಾನೆ ಬಾಣಲೆಯಿಂದ ಮೇಲೇಳುತ್ತಿದ್ದಿತು. ಯಂತ್ರದ ಮಾತನ್ನು ಅಲ್ಲಗಳೆಯಲು ನನಗೆ ಯಾವ ಕಾರಣವೂ ತೋರಲಿಲ್ಲ.