ಅಧೋಮುಖಪ್ಲವನ ಮೀಮಾಂಸೆ, ಅಥವಾ ದ್ವೀಪದಲ್ಲಿ ಶಯ್ಯಾನಿರ್ಣಯ

ಯಾವ ಶಾಸ್ತ್ರವನ್ನಾದರೂ ಆರಂಭಿಸುವ ಮುನ್ನ ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನಗಳೆಂಬ ಅನುಬಂಧಚತುಷ್ಟಯವನ್ನು ನಿರೂಪಿಸತಕ್ಕದ್ದೆಂಬುದು ಪ್ರಾಚೀನರ ಕಟ್ಟಳೆಯಾದುದರಿಂದ, ನಾವೂ ಅದನ್ನು ಮೀರದೆ ಹೇಳುವುದೇನೆಂದರೆ: ಎಲ್‌ಟಿಸಿ ಮಂಜೂರಾಗಿ, ಮಕ್ಕಳ ಪರೀಕ್ಷೆ ಮುಗಿದು, ನೆರೆಮನೆಯವರ ಪ್ರವಾಸದ ಚಿತ್ರಗಳನ್ನು ನೋಡಿ ನೋಡಿ ವೈರಾಗ್ಯಕ್ಕೆ ನೇರ ವಿರುದ್ಧವಾದ ಅವಸ್ಥೆಯನ್ನು ಹೊಂದಿದ ಗೃಹಸ್ಥನೇ ಇಲ್ಲಿ ಅಧಿಕಾರಿಯು, ಅಂಡಮಾನಿನ ಹ್ಯಾವ್‌ಲಾಕ್ ದ್ವೀಪದಲ್ಲಿ (2018ರಿಂದ ಇದು ಸರ್ಕಾರೀ ಕಡತಗಳಲ್ಲಿ ಸ್ವರಾಜ್ ದ್ವೀಪ) ಬಾಯಲ್ಲಿ ನಳಿಕೆ ಕಚ್ಚಿ, ಮುಖ ಕೆಳಗೆ ಮಾಡಿ ಹವಳದ ಮೇಲೆ ತೇಲುವುದೇ, ಅಂದರೆ ಸ್ನಾರ್ಕೆಲಿಂಗೇ, ವಿಷಯ, ತೇಲುವ ನೀರಿಗೂ ಮಲಗುವ ಮಂಚಕ್ಕೂ ನಡುವಣ ದೂರವೇ ಸಂಬಂಧ. ಪ್ರಯೋಜನವನ್ನು ಹಣ ತೆತ್ತವರು ತಾವೇ ಕಂಡುಕೊಳ್ಳತಕ್ಕದ್ದು.

ಇಲ್ಲಿ ಪೂರ್ವಪಕ್ಷಿಯು ಹೇಳುವನು: ದ್ವೀಪದ ಪಶ್ಚಿಮದಲ್ಲಿರುವ, ಏಳನೆಯ ನಂಬರಿನದೆಂದು ಪ್ರಸಿದ್ಧವಾದ ರಾಧಾನಗರ ಕಡಲತೀರವನ್ನು 2004ರಲ್ಲಿ ಟೈಮ್ ಪತ್ರಿಕೆಯೇ ಏಷ್ಯಾದಲ್ಲಿ ಅತ್ಯುತ್ತಮವೆಂದು ಸಾರಿರಲಾಗಿ, ಅಲ್ಲಿಯೇ ಇಳಿದುಕೊಂಡರೆ ಸಾಲದೆ? ಸಾಲದು. ಅಲ್ಲಿರುವುದು ಮರಳು ಮತ್ತು ಸೂರ್ಯಾಸ್ತ. ಮರಳನ್ನು ನೋಡಲು ನೀರಿನೊಳಗೆ ಮುಖವಿಡಬೇಕಾದ ಅಗತ್ಯವನ್ನು ಯಾವ ದರ್ಶನವೂ ಪ್ರತಿಪಾದಿಸಿಲ್ಲ.

ಹಾಗಾದರೆ ಪೂರ್ವದ ಕರೆಯಲ್ಲಿ, ಮೂರನೆಯ ಮತ್ತು ಐದನೆಯ ನಂಬರಿನ ತೀರಗಳಲ್ಲಿ, ತೆಂಗಿನ ತೋಟಗಳ ನಡುವೆ ಸಾಲುಗಟ್ಟಿರುವ ವಸತಿಗೃಹಗಳ ಸಮುದ್ರಾಭಿಮುಖ ಕೊಠಡಿಯೆಂಬುದು ಎರಡನೆಯ ಪಕ್ಷ. ಇದಕ್ಕೆ ಪ್ರಮಾಣ ಛಾಯಾಚಿತ್ರ. ಆದರೆ ಪ್ರಮಾಣಗಳಲ್ಲೆಲ್ಲ ಅದೇ ದುರ್ಬಲವಾದುದು, ಏಕೆಂದರೆ ಇಳಿತದ ಹೊತ್ತಿನಲ್ಲಿ ಚಿತ್ರ ತೆಗೆಸಿದ ಮಾಲೀಕನೊಬ್ಬನೂ ನಮ್ಮ ಅವಗಾಹನೆಗೆ ಬಂದಿಲ್ಲ. ದಿನಕ್ಕೆರಡು ಬಾರಿ ಕಡಲು ಇಲ್ಲಿ ಸಾಲಗಾರನನ್ನು ಕಂಡವನಂತೆ ಹಿಂದೆ ಸರಿದು, ಮೆಟ್ಟಿಲಿನೆದುರು ಕಲ್ಲು, ಕೆಸರು, ಓರೆಯಾಗಿ ಮಲಗಿದ ದೋಣಿಗಳನ್ನಷ್ಟೇ ಉಳಿಸುತ್ತದೆ. ಕೊಠಡಿ ಸಮುದ್ರಾಭಿಮುಖವೇ ಹೌದು, ಸಮುದ್ರ ವಿಮುಖ. ಬೆಳದಿಂಗಳನ್ನು ಬಯಸಿ ಹುಣ್ಣಿಮೆಗೇ ಕೊಠಡಿ ಗೊತ್ತುಮಾಡುವ ನವದಂಪತಿಗಳಾದರೋ, ಸೂರ್ಯಚಂದ್ರರು ಒಂದೇ ರೇಖೆಯಲ್ಲಿ ನಿಂತು ಎಳೆಯುವ ಆ ದಿನಗಳಲ್ಲಿಯೇ ಇಳಿತವೂ ಅತ್ಯಧಿಕವೆಂಬುದನ್ನು, ಮದುವೆಗೆ ಪಂಚಾಂಗ ನೋಡಿದಷ್ಟು ಶ್ರದ್ಧೆಯಿಂದ ಪ್ರಯಾಣಕ್ಕೆ ನೋಡದ ಕಾರಣ, ಅರಿಯರು.

ಇನ್ನು ಹವಳವೂ ಮೀನೂ ದಡದ ಸಮೀಪದಲ್ಲಿಯೇ ದೊರೆಯುವ ಎಲಿಫೆಂಟ್ ಬೀಚಿನಲ್ಲಿ ಮಂಚವೇ ಇಲ್ಲ. ಜೆಟ್ಟಿಯಿಂದ ದೋಣಿಯಲ್ಲಿಯೋ, ಕಾಡಿನ ಕಾಲುದಾರಿಯಲ್ಲಿಯೋ ಹೋಗಿ ಸಂಜೆಯೊಳಗೆ ಹಿಂದಿರುಗತಕ್ಕದ್ದು. ಈಜು ಬಾರದ ಹಿರಿಯರು ರಬ್ಬರ್ ಟ್ಯೂಬನ್ನು ತಬ್ಬಿ, ಆಳು ಎಳೆದತ್ತ ಸಾಗುತ್ತ, ಜೀವಮಾನದಲ್ಲಿ ಮೊದಲ ಬಾರಿಗೆ ಉಪದೇಶಿಸದೆ ಇರುವ ದೃಶ್ಯ ಅಲ್ಲಿ ಲಭ್ಯ. ಮೀಸೆಯುಳ್ಳವರ ವಿಷಯದಲ್ಲಿ ಮಾತ್ರ ಶಾಸ್ತ್ರವು ನಿಷ್ಕರುಣವಾದುದು: ಮುಖವಾಡದ ರಬ್ಬರ್ ಅಂಚು ಕೂದಲಿನ ಮೇಲೆ ಕೂರದು, ಮೇಲ್ದುಟಿಯ ಬಳಿಯಿಂದ ಉಪ್ಪುನೀರು ಜಿನುಗಿ ಮೂಗನ್ನು ತಲುಪುವುದು, ಅಂಚಿಗೆ ವ್ಯಾಸಲಿನ್ ಬಳಿಯುವುದು ಪರಿಹಾರ, ಬೋಳಿಸುವುದು ಮೋಕ್ಷ.

ಅಂತಿಮ ನಿರ್ಣಯ ಹೀಗೆ: ಮಲಗುವುದು ಐದನೆಯ ನಂಬರಿನಲ್ಲಿ, ತೇಲುವುದು ಎಲಿಫೆಂಟಿನಲ್ಲಿ, ಸೂರ್ಯನನ್ನು ಕಳುಹಿಸಿಕೊಡುವುದು ರಾಧಾನಗರದಲ್ಲಿ. ಚಳಿಗಾಲದಲ್ಲಿ ಅಲ್ಲಿ ಸಂಜೆ ಐದೂವರೆಯೊಳಗೇ ಕತ್ತಲಾಗುವುದರಿಂದ ಬೆಳಗಿನ ಮೊದಲ ದೋಣಿಯನ್ನೇ ಹಿಡಿಯತಕ್ಕದ್ದು. ಹವಳದ ಮೇಲೆ ಕಾಲೂರಬೇಡಿರಿ, ಅದು ಜೀವಿ. ಮುಂಗಡ ಹಣ ಕಳುಹಿಸುವ ಮುನ್ನ ಆ ದಿನಗಳ ಉಬ್ಬರವಿಳಿತದ ಪಟ್ಟಿಯನ್ನು ತರಿಸಿಕೊಂಡು ಓದಿರಿ; ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಸರಿಯುವುದೆಂಬುದನ್ನೂ ಲೆಕ್ಕಕ್ಕೆ ಹಿಡಿಯಿರಿ.